ಒದ್ದೆ ಅಂಗೈಯ ಆಣೆ

ಹೊಸೂರು, ಆಸ್ಪತ್ರೆಯ ಹೆಂಗಸರ ವಾರ್ಡು
೧೭-೨-೨೦೨೬, ಮಂಗಳವಾರ

ಪ್ರೀತಿಯ ತಮ್ಮ ಭೈರೇಶನಿಗೆ ಅಕ್ಕ ಮುನಿಲಕ್ಷ್ಮಿಯ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಮಂಡಿನೋವು ಕಡಿಮೆಯಾಯಿತೇ? ಜೈಲಿನ ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಹಂಡೆಗಳನ್ನು ಒಬ್ಬನೇ ಎತ್ತಬೇಡ. ಐವತ್ತನಾಲ್ಕಾಯಿತು, ನೀನಿನ್ನೂ ಹೋರಿಯಲ್ಲ. ನಾನು ಕೊಟ್ಟುಬಂದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲ ಪಕ್ಕದವರ ಮಂಡಿಗೆ ತಿಕ್ಕಿ ಮುಗಿಸಿದೆಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ನನ್ನ ಆರೋಗ್ಯದ ವಿಷಯಕ್ಕೆ ಆಮೇಲೆ ಬರುತ್ತೇನೆ. ಇದು ನನ್ನ ಕೈಬರಹವಲ್ಲ ಎಂದು ಅಕ್ಷರ ನೋಡಿಯೇ ನಿನಗೆ ತಿಳಿದಿರುತ್ತದೆ. ನಾನು ಹೇಳುತ್ತಿದ್ದೇನೆ, ನಿನ್ನ ಮಗಳು ಸಿಂಧು ಬರೆಯುತ್ತಿದ್ದಾಳೆ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಹಾಕಿದವಳು ನಾನು. ಕೊನೆಯದೊಂದನ್ನು ಇವಳಿಗೆ ಹಾಕುತ್ತಿದ್ದೇನೆ ಎಂದುಕೋ. ಮುಂದಿನ ಎರಡು ಹಲ್ಲು ಹೋಗಿವೆ, ಮಾತು ಜಾರಿದರೆ ತಪ್ಪು ನನ್ನದು, ಕಾಗುಣಿತ ಜಾರಿದರೆ ತಪ್ಪು ಅವಳದು. ಈ ಪತ್ರವನ್ನು ನಿನಗಿಂತ ಮೊದಲು ಒಡೆದು ಓದುವ ಅಧಿಕಾರಿಗಳಿಗೂ ನಮಸ್ಕಾರ. ಸ್ವಾಮೀ, ನಿಧಾನವಾಗಿ ಓದಿ, ಒಂದು ಸಾಲಿಗೂ ಮಸಿ ಬಳಿಯಬೇಡಿ. ನೀವೂ ಒಬ್ಬ ಸಾಕ್ಷಿಯಾದರೆ ನನಗೆ ಒಳ್ಳೆಯದೇ.

ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ಬಿಡುಗಡೆಯ ಪಟ್ಟಿಯಲ್ಲಿ ನಿನ್ನ ಹೆಸರು ನಾಲ್ಕನೆಯ ಸಲ ಬಂದಿದೆ. ಈ ಸಲ ನೀನು ಹೊರಗೆ ಬರಬೇಕು. ಹಿಂದೆ ಮೂರು ಸಲ ಹೆಸರು ಬಂದು ಮೂರು ಸಲವೂ ಹೊಡೆದುಹೋದಾಗ ನಿನ್ನಣ್ಣ ಗೋಪಾಲ, ನಮ್ಮ ಕ್ಷೇತ್ರದ ಮೂವತ್ತು ವರ್ಷದ ಎಂಎಲ್‌ಎ, ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು 'ಮ್ಯಾಲಿನೋರು ಒಪ್ಲಿಲ್ಲ ಕಣಕ್ಕಾ, ನಾನೇನ್ ಮಾಡ್ಲಿ' ಎಂದಿದ್ದ. ನಾನು ಅವನಿಗೇ ಸಮಾಧಾನ ಹೇಳಿ ಕಾಫಿ ಮಾಡಿಕೊಟ್ಟಿದ್ದೆ. ಸಂಕ್ರಾಂತಿ ಕಳೆದ ವಾರ ಮೇಘಶ್ರೀ ಎಂಬ ಪ್ರೊಬೇಷನ್ ಆಫೀಸರು ಮನೆಗೆ ಬಂದಳು. ಕೈದಿಯನ್ನು ಬಿಟ್ಟರೆ ಮನೆಯವರು ಸೇರಿಸಿಕೊಳ್ಳುತ್ತಾರೆಯೇ, ಊರಲ್ಲಿ ಗಲಾಟೆಯಾಗುತ್ತದೆಯೇ ಎಂದು ವಿಚಾರಿಸಿ ವರದಿ ಕೊಡುವುದು ಅವಳ ಕೆಲಸ. ಗೋಪಾಲ ಚೆನ್ನೈಗೆ ಹೋಗಿದ್ದ. ನೀರು ಕುಡಿದು ಲೋಟ ಇಡುತ್ತಾ ಅವಳು 'ಈ ಸಲಾನೂ ನಿಮ್ಮನೆಯೋರು ಬಿಡೋದು ಬೇಡ ಅಂತಾರೇನಮ್ಮಾ?' ಎಂದಳು. ಮೂರು ಸಲವೂ 'ಇವನು ಹೊರಗೆ ಬಂದರೆ ನಮ್ಮ ಪ್ರಾಣಕ್ಕೆ ಅಪಾಯ' ಎಂದು ನಮ್ಮ ಮನೆಯಿಂದಲೇ ಬರೆದುಕೊಟ್ಟಿದ್ದಾರೆ, ಭೈರೇಶ. ಎರಡು ಕಾಗದದ ಮೇಲೆ ಗೋಪಾಲನ ಸಹಿ, ಮೂರನೆಯದರ ಮೇಲೆ ನನ್ನದು. ನನ್ನ ಕಣ್ಣಿನ ಆಪರೇಷನ್ ಆದ ವಾರ, ಪಟ್ಟಿ ಕಟ್ಟಿಕೊಂಡು ಕೂತಿದ್ದಾಗ 'ಪಿಂಚಣಿ ಕಾಗ್ದ ಅಕ್ಕಾ' ಎಂದು ಕೈ ಹಿಡಿದು ಹಾಕಿಸಿಕೊಂಡ ಸಹಿ ಅದು. ಅವಳು ಹೋದ ಮೇಲೆ ಅಡುಗೆಮನೆಯಲ್ಲಿದ್ದ ಅವನ ಕಾಫಿ ಲೋಟವನ್ನು ಗೋಡೆಗೆ ಅಪ್ಪಳಿಸಿದೆ. ಸ್ಟೀಲಿನ ಲೋಟ, ಒಡೆಯಲೂ ಇಲ್ಲ.

ಆದರೆ ಆ ಗೋಪಾಲನನ್ನು ಮಾಡಿದವಳು ನಾನೇ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಅವನಿಗೆ ಒಂಬತ್ತು ವರ್ಷ, ನನಗೆ ಹದಿಮೂರು, ನೀನಿನ್ನೂ ಹುಟ್ಟಿರಲಿಲ್ಲ. ಪಕ್ಕದ ಮನೆಯ ಕರುವಿನ ಕಾಲನ್ನು ಕಲ್ಲು ಬೀಸಿ ಮುರಿದಿದ್ದ. ಅಪ್ಪ ಬಾರುಕೋಲು ಹಿಡಿದು ಮುನೇಶ್ವರನ ಕಟ್ಟೆಯ ಮೇಲೆ ಕರ್ಪೂರ ಹಚ್ಚಿಟ್ಟು 'ಮಾಡಿಲ್ಲಾಂದ್ರೆ ಆರ್ಸು' ಎಂದ. ನಮ್ಮ ಕಡೆ ಅದಕ್ಕಿಂತ ದೊಡ್ಡ ಆಣೆ ಯಾವುದಿದೆ? ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ ಮಾತು ಕೊಟ್ಟರೆ ಮುಗಿಯಿತು, ಆಮೇಲೆ ಪೊಲೀಸೂ ಬೇಡ, ಪಂಚಾಯಿತಿಯೂ ಬೇಡ. ಹುಡುಗ ನನ್ನ ಬೆನ್ನ ಹಿಂದೆ ಅಡಗಿದ. ಅಜ್ಜಿ ಯಾವಾಗಲೋ ಹೇಳಿದ್ದು ನನಗೆ ನೆನಪಾಯಿತು. ಒದ್ದೆ ಕೈಯಲ್ಲಿ ಇಟ್ಟ ಆಣೆಯನ್ನು ನೀರು ನುಂಗುತ್ತದೆ, ಅದು ದೇವರಿಗೆ ಮುಟ್ಟುವುದಿಲ್ಲ ಎಂದು. ಅವನ ಕಿವಿಯಲ್ಲಿ ಹೇಳಿದೆ. ಅವನು ಬಾನಿಯಲ್ಲಿ ಕೈ ಅದ್ದಿ ಬಂದು ಕರ್ಪೂರ ಆರಿಸಿದ. ಏಟು ತಪ್ಪಿತು. ನಾನು ತಮ್ಮನನ್ನು ಉಳಿಸಿದೆ ಎಂದುಕೊಂಡೆ. ಆ ಕರು ಮೂರು ಕಾಲಲ್ಲಿ ಕುಂಟುತ್ತಾ ಎಂಟು ವರ್ಷ ನಮ್ಮ ಬಾಗಿಲ ಮುಂದೆಯೇ ಓಡಾಡಿತು.

ತೊಂಬತ್ತಾರರ ಮೊದಲ ಚುನಾವಣೆ ನಿನಗೆ ನೆನಪಿರಬೇಕು, ನೆನಪಿಲ್ಲದಿದ್ದರೆ ಎಡಗಿವಿ ಮುಟ್ಟಿ ನೋಡಿಕೋ. ಆಗ ಕಾಗದದ ಓಟು. ನಮ್ಮ ಶಾಲೆಯಲ್ಲೇ ಬೂತು. ಮಧ್ಯಾಹ್ನ ಎದುರು ಪಾರ್ಟಿಯವರು ಡಬ್ಬಕ್ಕೆ ನೀರು ಸುರಿಯಲು ಕೊಡ, ಮಚ್ಚು ಎರಡನ್ನೂ ಹಿಡಿದು ಬಂದರು. ಗೋಪಾಲ ಬಾಗಿಲಿಗೆ ಅಡ್ಡ ನಿಂತಿದ್ದ. ನೀನು ಒಂದನೆಯ ತರಗತಿಯ ಬಾಗಿಲಿನ ಅಗುಳಿ ಕಿತ್ತುಕೊಂಡು ಬಂದು ಒಬ್ಬನ ಮೊಣಕೈ ಮುರಿದೆ, ಇನ್ನೊಬ್ಬನ ದವಡೆ ಒಡೆದೆ. ಗೋಪಾಲನ ಕುತ್ತಿಗೆಗೆ ಬೀಸಿದ ಮಚ್ಚಿಗೆ ನಿನ್ನ ತಲೆ ಅಡ್ಡ ಬಂತು. ಅರ್ಧ ಕಿವಿ ಶಾಲೆಯ ಜಗಲಿಯ ಮೇಲೆ ಬಿತ್ತು. ಅದನ್ನು ಸೆರಗಿನಲ್ಲಿ ಎತ್ತಿಕೊಂಡವಳು ನಾನು. ಡಾಕ್ಟರು ಹೊಲಿಯಲಾಗುವುದಿಲ್ಲ ಎಂದರು. ಗೋಪಾಲ ಆರುನೂರ ಹನ್ನೊಂದು ಓಟಿನಿಂದ ಗೆದ್ದ. ಗೆದ್ದ ದಿನ ನಿನ್ನ ತಲೆಯ ಬ್ಯಾಂಡೇಜಿನ ಮೇಲೇ ಹಾರ ಹಾಕಿ 'ಇವ್ನು ನನ್ ತಮ್ಮ ಅಲ್ಲ, ನನ್ ಬಲಗೈ' ಎಂದು ಜೀಪಿನ ಮೇಲಿಂದ ಕೂಗಿದ. ಆ ಬಲಗೈಯನ್ನು ಮುಂದೆ ಯಾವ ಕೆಲಸಕ್ಕೆಲ್ಲ ಬಳಸಿದ ಎಂಬುದು ನಿನಗೇ ಗೊತ್ತು. ಎರಡನೇ ಸಲ ಗೆದ್ದಾಗ ಟೊಮೆಟೊ ಮಂಡಿಯಲ್ಲಿ ಹೊಡೆದಾಟ, ಮೂರನೇ ಸಲ ಹೆದ್ದಾರಿಯಲ್ಲಿ ಬಸ್ಸಿಗೆ ಬೆಂಕಿ. ಪ್ರತಿಯೊಂದರಲ್ಲೂ ನಿನ್ನ ಮೇಲೆ ಕೇಸು, ಅವನ ಕೊರಳಿಗೆ ಹಾರ.

ಅವನು ಬರೀ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹೊಸೂರಿನ ಫ್ಯಾಕ್ಟರಿಗಳ ಮೂರೂ ಶಿಫ್ಟಿಗೆ ಹಳ್ಳಿಗಳಿಂದ ಬಸ್ಸು ಬಿಡಿಸಿದವನು ಅವನು. ರಾಗಿ ಹೊಲಕ್ಕೆ ಆನೆ ಹಿಂಡು ಇಳಿದ ವರ್ಷ ಚೆನ್ನೈಯ ಸಭೆ ಬಿಟ್ಟು ಬಂದು ಹನ್ನೊಂದು ದಿನ ಜನರ ಜೊತೆ ತಮಟೆ ಹಿಡಿದು ನಿಂತವನು. ಮಕ್ಕಳಿಲ್ಲ ಎಂದು ನಮ್ಮ ಕನ್ನಡ ಶಾಲೆಗೆ ಬೀಗ ಹಾಕಲು ಬಂದಾಗ ವಿಧಾನಸಭೆಯಲ್ಲಿ ಎದ್ದು ನಿಂತು, ಅಚ್ಚ ತಮಿಳಿನಲ್ಲಿ, ನಮ್ಮ ಮಕ್ಕಳು ಅಮ್ಮನ ಮಾತಿನಲ್ಲಿ ಓದಲಿ ಎಂದು ಕೇಳಿದವನು. ಅರ್ಜಿ ಹಿಡಿದು ಬಂದವರು ತೆಲುಗಿನಲ್ಲಿ ಅತ್ತರೆ ತೆಲುಗಿನಲ್ಲಿ, ತಮಿಳಿನಲ್ಲಿ ಬೈದರೆ ತಮಿಳಿನಲ್ಲಿ ಮಾತಾಡಿಸುತ್ತಿದ್ದ. ಎಲ್ಲಿ ಹೋದರೂ ಕೊನೆಗೆ ಕಟ್ಟೆಯ ಮುಂದೆ ನಿಂತು ಚೊಂಬಿನ ನೀರಿನಲ್ಲಿ ಕೈಕಾಲು ತೊಳೆದು, ಕರ್ಪೂರ ಆರಿಸಿ ಮಾತು ಕೊಡುತ್ತಿದ್ದ. ಜನ 'ನೋಡ್ರಲಾ, ಎಂಥಾ ಮಡಿವಂತ' ಎನ್ನುತ್ತಿದ್ದರು. ಅವನ ಮಾತು ಎಷ್ಟೋ ಸಲ ನಡೆದಿದೆ, ಎಷ್ಟೋ ಸಲ ನಡೆದಿಲ್ಲ. ಅವನ ಅಂಗೈ ಮಾತ್ರ ಯಾವತ್ತೂ ಒಣಗಿರಲಿಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ, ನಾನು ಬಾಯಿ ಮುಚ್ಚಿಕೊಂಡಿದ್ದೆ.

ನಾನೊಬ್ಬಳೇ ಎಂದುಕೊಂಡಿದ್ದೆ, ದೊಡ್ಡವೆಂಕಟಪ್ಪನೂ ಕಂಡುಹಿಡಿದಿದ್ದ. ಸಿಂಧು, ಇಲ್ಲಿಂದ ಮುಂದಿನದನ್ನು ನೀನು ಊರವರ ಬಾಯಲ್ಲಿ ಅರ್ಧಂಬರ್ಧ ಕೇಳಿದ್ದೀಯ, ಈಗ ಪೂರ್ತಿ ಕೇಳಿ ಪೂರ್ತಿ ಬರೆ. ಮೊದಲ ಚುನಾವಣೆಯಲ್ಲಿ ಗೋಪಾಲನ ಬಾವುಟ ಹೊತ್ತವನು ಈ ದೊಡ್ಡವೆಂಕಟಪ್ಪ. ಊರ ಕೆರೆಯ ಜಾಗವನ್ನು ಫ್ಯಾಕ್ಟರಿ ಶೆಡ್ಡು ಕಟ್ಟುವವರಿಗೆ ಬಿಟ್ಟುಕೊಡುವುದಿಲ್ಲ ಎಂದು ಗೋಪಾಲ ಕರ್ಪೂರ ಆರಿಸಿದ್ದ. ಆರೇ ತಿಂಗಳಿಗೆ ಕೆರೆಯೊಳಗೆ ಲಾರಿಗಳು ಮಣ್ಣು ಸುರಿದವು. ಎರಡು ಸಾವಿರದ ಹನ್ನೊಂದರ ಮಾರ್ಚಿನಲ್ಲಿ, ಬೆಳಿಗ್ಗೆ ಎಂಟರ ಹೊತ್ತಿಗೆ, ದೊಡ್ಡವೆಂಕಟಪ್ಪ ಒಬ್ಬನೇ ನಮ್ಮ ತೋಟಕ್ಕೆ ಬಂದ. ಹೆಗಲ ಮೇಲೆ ಒಗೆದ ಟವೆಲ್ಲು, ಕೈಯಲ್ಲಿ ಕರ್ಪೂರ. ಆಳುಗಳಿನ್ನೂ ಬಂದಿರಲಿಲ್ಲ. ನೀನು ಪಂಪಿನ ಹತ್ತಿರ ಇದ್ದೆ. ನಾನು ಟೊಮೆಟೊ ಶೆಡ್ಡಿನ ಬಾಗಿಲಲ್ಲಿ ಗೋಪಾಲನ ಕಾಫಿ ಹಿಡಿದು ನಿಂತಿದ್ದೆ. ಶೆಡ್ಡಿನ ಎದುರಿಗೇ ನಮ್ಮ ತೋಟದ ಮುನೇಶ್ವರನ ಕಟ್ಟೆ, ಗೋಪಾಲ ಅಲ್ಲೇ ಕೈಕಾಲು ತೊಳೆದು ನಿಂತಿದ್ದ. ಕಟ್ಟೆಯ ಮೇಲೆ ಕರ್ಪೂರ ಹಚ್ಚಿ ದೊಡ್ಡವೆಂಕಟಪ್ಪ 'ಗೋಪಾಲಪ್ಪಾ, ಅದಿನೈದು ವರ್ಸದಿಂದ ನೋಡ್ತಾ ಇವ್ನಿ, ನೀನು ಕೈ ತೊಳ್ಕಂಡೇ ಯಾಕ್ಲಾ ಆಣೆ ಇಕ್ತೀಯ? ಇವತ್ತು ಒರ್ಸ್ಕಂಡು ಇಕ್ಕು, ಕೆರೆ ಮಾರ್ಲಿಲ್ಲ ಅಂತ' ಎಂದ. ಅಷ್ಟಕ್ಕೇ ನಿಲ್ಲಲಿಲ್ಲ. ಗೋಪಾಲನ ಮಣಿಕಟ್ಟು ಹಿಡಿದು ಟವೆಲ್ಲಿನಿಂದ ಅಂಗೈಯನ್ನೂ ಬೆರಳಿನ ಸಂದಿಗಳನ್ನೂ ಒರೆಸಿದ, ಊಟವಾದ ಮಗುವಿನ ಕೈ ಒರೆಸುವ ಹಾಗೆ.

ಗೋಪಾಲನ ಮುಖ ಆಗ ಹೇಗಾಯಿತೆಂದು ನಾನು ನೋಡಿದೆ. ಬಾರುಕೋಲಿನ ಮುಂದೆ ನಿಂತ ಅದೇ ಒಂಬತ್ತು ವರ್ಷದ ಮುಖ. ಕ್ರೇಟಿನ ಮೇಲೆ ಎಳನೀರು ಕೊಚ್ಚುವ ಮಚ್ಚಿತ್ತು. ಮೊದಲ ಏಟು ಟವೆಲ್ಲು ಹಿಡಿದ ಕೈಗೆ ಬಿತ್ತು, ಎರಡು ಬೆರಳು ಟವೆಲ್ಲಿನ ಜೊತೆಗೇ ನೆಲಕ್ಕೆ ಹೋದವು. ಎರಡನೆಯದು ಕುತ್ತಿಗೆಗೆ. ದೊಡ್ಡವೆಂಕಟಪ್ಪ ಟೊಮೆಟೊ ಕ್ರೇಟುಗಳ ಮೇಲೆ ಬಿದ್ದ, ಗಂಟಲಿನಿಂದ ರಕ್ತ ಗೊಳಗೊಳ ಎನ್ನುತ್ತಿತ್ತು. ಮೂರನೆಯ ಏಟು ಬೇಕಾಗಿರಲಿಲ್ಲ. ಬಿದ್ದವನಿಗೆ, ಕಣ್ಣು ಮೇಲೆ ಸಿಕ್ಕಿಕೊಂಡವನಿಗೆ, ಬಗ್ಗಿ ನಿಂತು ಹಾಕಿದ ಏಟು ಅದು. ಮೊದಲ ಎರಡನ್ನು ಕೋಪ ಎಂದು ಯಾರಾದರೂ ಕ್ಷಮಿಸಬಹುದು, ಮೂರನೆಯದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಕಿರುಚಾಟ ಕೇಳಿ ನೀನು ಓಡಿ ಬಂದು ಮಚ್ಚು ಕಿತ್ತುಕೊಂಡೆ. ನಿನ್ನ ಬನಿಯನ್ನೆಲ್ಲ ರಕ್ತವಾಯಿತು. ಗೋಪಾಲ ಒಂದು ಖಾಲಿ ಕ್ರೇಟು ಬೋರಲು ಹಾಕಿ ಕೂತ. ದಮ್ಮು ಹತ್ತಿತ್ತು. ಅವನು ಆಡಿದ ಮೊದಲ ಮಾತು 'ಎಲೆಕ್ಷನ್ಗೆ ಇನ್ನು ಇಪ್ಪತ್ತೇ ದಿವ್ಸ ಐತೆ' ಎಂಬುದು.

ಆಮೇಲಿನದು ನಾವು ಮೂವರೇ ಬಲ್ಲ ಮಾತು. 'ನಾನು ಒಳಕ್ಕೋದ್ರೆ ಎಲ್ಲಾ ಮುಗೀತು, ಬಸ್ಸು, ಸ್ಕೂಲು, ಮನೆ. ನೀನು ಓಗು, ಎಲ್ಡು ವರ್ಸ ಕಣ್ಲಾ, ಗೆದ್ದ ಮ್ಯಾಕೆ ಬುಡುಸ್ಕಂಡು ಬತ್ತೀನಿ' ಎಂದ ಅವನು. ನೀನು ನನ್ನ ಮುಖ ನೋಡಿದೆ. ನಾನು ತಲೆ ತಗ್ಗಿಸಿದೆ. ಭೈರೇಶ, ನಿನ್ನನ್ನು ಜೈಲಿಗೆ ಕಳಿಸಿದ್ದು ಕೋರ್ಟಲ್ಲ, ಆ ತಗ್ಗಿದ ತಲೆ. ದೊಡ್ಡವೆಂಕಟಪ್ಪ ಹಚ್ಚಿದ ಕರ್ಪೂರ ಇನ್ನೂ ಉರಿಯುತ್ತಿತ್ತು. ನೀನು ಅಂಗೈಯನ್ನು ಪಂಚೆಗೆ ಉಜ್ಜಿ ಉಜ್ಜಿ ಒರೆಸಿಕೊಂಡೆ. ನಿನಗೆ ಒದ್ದೆ ಕೈಯ ಗುಟ್ಟು ಗೊತ್ತಿರಲಿಲ್ಲ. ಗೊತ್ತಿದ್ದರೂ ನೀನು ಒರೆಸಿಕೊಳ್ಳುತ್ತಿದ್ದೆ. 'ನಾನೇ ಮಾಡ್ದೆ ಅಂತ ಏಳ್ತೀನಿ, ಸಾಯೋಗಂಟ ಬಾಯ್ ಬುಡಲ್ಲ' ಎಂದು ಆ ಕರ್ಪೂರ ಆರಿಸಿದೆ. ಸಿಂಧು ಪೆನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ನೋಡಲಿ. ಪೊಲೀಸ್ ಜೀಪು ಹತ್ತುವ ಮುಂಚೆ ನೀನು ನಾಲ್ಕು ವರ್ಷದ ಇವಳ ತಲೆಯ ಮೇಲೆ ಕೈಯಿಟ್ಟು ಬಗ್ಗಿ ಏನೋ ಹೇಳಿದೆ. ಅಳುವ ನಿನ್ನ ಹೆಂಡತಿ ಸರಿತಾಳನ್ನು ಹಿಡಿದುಕೊಂಡು ನಾನು ದೂರ ನಿಂತಿದ್ದೆ, ನನಗೆ ಕೇಳಿಸಲಿಲ್ಲ.

ಮೂರನೆಯ ದಿನ ಊರಿನವರು, ಭೈರೇಶ ಕೈ ಮುರಿಯುತ್ತಾನೆಯೇ ಹೊರತು ಕುತ್ತಿಗೆ ಕಡಿಯುವವನಲ್ಲ ಎಂದು ಗುಸುಗುಸು ಎತ್ತಿದರು. ಗೋಪಾಲ ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋದ. 'ಕೈ ತೊಳ್ಕಳಕ್ಕಾ, ನೀನೇ ಏಳ್ಕೊಟ್ಟಿದ್ದಲ್ವಾ, ಲೆಕ್ಕಕ್ ಬರಲ್ಲ' ಎಂದ. ತೊಳೆದುಕೊಂಡೆ. ಊರೆಲ್ಲ ನೋಡುತ್ತಿರುವಾಗ, ಕಡಿದವನು ಭೈರೇಶನೇ, ನನ್ನ ಕಣ್ಣಾರೆ ಕಂಡೆ ಎಂದು ಒದ್ದೆ ಅಂಗೈಯಲ್ಲಿ ಕರ್ಪೂರ ಆರಿಸಿದೆ. ಚುರ್ ಎಂದಿತು ಅಷ್ಟೆ, ಒಂದು ಬೊಬ್ಬೆಯೂ ಏಳಲಿಲ್ಲ. ಕೃಷ್ಣಗಿರಿಯ ಕೋರ್ಟಿನಲ್ಲೂ ಅದನ್ನೇ ಹೇಳಿದೆ. ಕಟಕಟೆಯಲ್ಲಿ ನಿಂತ ನೀನು 'ಅಳಬ್ಯಾಡ ಕಣಕ್ಕಾ' ಎಂದೆ. ದೇವರ ಲೆಕ್ಕಕ್ಕೆ ಬರಲಿಲ್ಲ ಎಂದು ನಾನು ನಂಬಿಕೊಂಡಿದ್ದ ಆಣೆ ಜಡ್ಜರ ಲೆಕ್ಕಕ್ಕೆ ಬಂತು, ಊರಿನ ಲೆಕ್ಕಕ್ಕೆ ಬಂತು, ಎರಡನೇ ವರ್ಷವೇ ಕೊರಗಿ ಸತ್ತ ಸರಿತಾಳ ಲೆಕ್ಕಕ್ಕೆ ಬಂತು. ಕೊಲೆಗಾರನ ಮಗಳು ಎಂದು ಶಾಲೆಯಲ್ಲಿ ಚುಚ್ಚಿಸಿಕೊಂಡು ಎಂಟನೇ ವಯಸ್ಸಿಗೆ ನಿನ್ನನ್ನು ನೋಡಲು ಬರುವುದನ್ನೇ ನಿಲ್ಲಿಸಿದ ಈ ಹುಡುಗಿಯ ಲೆಕ್ಕಕ್ಕೂ ಬಂತು. ಅವಳು ಹಟ ಮಾಡಿದಾಗ ನಾನು ನಿಜ ಹೇಳಿ ಕರೆತರಬಹುದಿತ್ತು. ಹೇಳಲಿಲ್ಲ.

ಈಗ ಮೊನ್ನೆ ಶುಕ್ರವಾರದ್ದು ಕೇಳು. ಗೋಪಾಲನಿಗೆ ಅರವತ್ತೆಂಟಾಯಿತು, ಆರು ಸಲ ಗೆದ್ದದ್ದು ಸಾಕು, ಈ ಸಲ ಮಗ ಯತಿರಾಜನನ್ನು ನಿಲ್ಲಿಸುತ್ತೇನೆ ಎಂದು ಹೊರಟಿದ್ದಾನೆ. ಮೂವತ್ತೆರಡು ಹಳ್ಳಿಯ ಕಾರ್ಯಕರ್ತರು ಮುನೇಶ್ವರನ ಕಟ್ಟೆಯ ಮುಂದೆ ಸೇರಿದ್ದರು, ಯತಿರಾಜನಿಗೆ ದುಡಿಯುತ್ತೇವೆ ಎಂದು ಕರ್ಪೂರ ಆರಿಸಲು. ಶಾಮಿಯಾನ, ಕುರ್ಚಿ, ಮೈಕು ಎಲ್ಲಾ ಇತ್ತು. ಗೋಪಾಲ ಚೊಂಬಿನಲ್ಲಿ ಕೈ ತೊಳೆದು, ಮೊದಲ ಆಣೆ ನನ್ನದೇ ಎಂದು ತಟ್ಟೆಯ ಮುಂದೆ ಬಂದ. ನಾನು ಎದ್ದೆ. ಟೀಚರಮ್ಮ ಬರುತ್ತಿದ್ದಾಳೆ ಎಂದು ಜನ ದಾರಿ ಬಿಟ್ಟರು. ಇಡೀ ಪೊಟ್ಟಣದ ಕರ್ಪೂರವನ್ನು ತಟ್ಟೆಗೆ ಸುರಿದು, ಅದು ಗೇಣುದ್ದ ಉರಿಯುವ ತನಕ ಕಾದು, ಎಲ್ಲರಿಗೂ ಕಾಣುವ ಹಾಗೆ ಬಲ ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ. ಒತ್ತಿ ಹಿಡಿದೆ. ದೊಡ್ಡವೆಂಕಟಪ್ಪನನ್ನು ಕಡಿದವನು ಗೋಪಾಲ, ಭೈರೇಶನಲ್ಲ, ನಾನು ಅವತ್ತು ಒದ್ದೆ ಕೈಯಲ್ಲಿ ಸುಳ್ಳು ಹೇಳಿದೆ ಎಂದು ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ, ತಮಿಳಿನಲ್ಲಿ ಹೇಳಿದೆ. ಮೂರು ಭಾಷೆ ಮುಗಿಯುವ ತನಕ ಕೈ ತೆಗೆಯಲಿಲ್ಲ. ಚರ್ಮ ಸುಡುವ ವಾಸನೆ ನನಗೇ ಬರುತ್ತಿತ್ತು, ಬೇರೆ ಯಾರದೋ ಅಡುಗೆ ಸೀದಂತೆ.

ಯತಿರಾಜ ತಟ್ಟೆಯನ್ನು ಒದ್ದ. ಆಮೇಲೆ ನನ್ನನ್ನು ಒದ್ದ. ನಾನೇ ಎತ್ತಿ ಆಡಿಸಿದ ಕೂಸು ಎದೆಗೆ ಒದ್ದಿತು ಕಣೋ. ಕಟ್ಟೆಯ ಮೆಟ್ಟಿಲಿಗೆ ಬಾಯಿ ತಗುಲಿ ಹಲ್ಲು ಹೋದವು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ದೊಡ್ಡವೆಂಕಟಪ್ಪನ ಹೆಂಡತಿ ಎದ್ದು ಬಂದಳು. ಇಷ್ಟು ವರ್ಷ ನಮ್ಮ ಮನೆಯ ಕಡೆ ತಲೆ ಹಾಕದವಳು ಅವತ್ತು ಯಾಕೆ ಬಂದಿದ್ದಳೋ ನನಗೆ ಗೊತ್ತಿಲ್ಲ. ಯಾರದೋ ಹೆಗಲಿನಿಂದ ಟವೆಲ್ಲು ಎಳೆದುಕೊಂಡು ಗೋಪಾಲನ ಮುಂದೆ ಹಿಡಿದಳು. 'ಒರ್ಸ್ಕಳಪ್ಪ. ಒರ್ಸ್ಕಂಡು ಸುಳ್ಳು ಅಂತ ಏಳು. ನಾನು ಮನೆಗೋಯ್ತೀನಿ' ಎಂದಳು. ಮೂವತ್ತೆರಡು ಹಳ್ಳಿ ನೋಡುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಗೋಪಾಲ ತನ್ನ ಅಂಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂವತ್ತು ವರ್ಷದಲ್ಲಿ ಯಾವ ಪಾರ್ಟಿಯೂ ಸೋಲಿಸಲಾಗದವನನ್ನು ಒಂದು ಟವೆಲ್ಲು ಸೋಲಿಸಿತು.

ಮೊದಲ ಕಲ್ಲು ಯಾರು ಎಸೆದರೋ ಕಾಣಲಿಲ್ಲ. ಆಮೇಲೆ ಕುರ್ಚಿಗಳು ಎದ್ದವು, ಶಾಮಿಯಾನದ ಗಳುಗಳು ಎದ್ದವು. ಯತಿರಾಜನ ಹುಡುಗರು ದೊಡ್ಡವೆಂಕಟಪ್ಪನ ಕಡೆಯವರ ಮೇಲೆ ಬಿದ್ದರು, ಅವರು ಇವರ ಮೇಲೆ ಬಿದ್ದರು. ಒಬ್ಬನ ಕಣ್ಣು ಹೋಗಿದೆ, ಇಬ್ಬರ ಕೈ ಮುರಿದಿದೆ, ಜೀಪು ಸ್ಟಾರ್ಟಾಗುವ ಮೊದಲೇ ಅದರ ಗಾಜು ಗೋಪಾಲನ ಮೈಮೇಲೆ ಸುರಿಯಿತು. ಅವನ ತಲೆಗೆ ಹದಿನಾಲ್ಕು ಹೊಲಿಗೆ. ಇದೇ ಆಸ್ಪತ್ರೆಯಲ್ಲಿ ನನ್ನ ನೆತ್ತಿಯ ಮೇಲಿನ ಮಹಡಿಯಲ್ಲಿ ಮಲಗಿದ್ದಾನೆ. ಅವನು ಕೆಮ್ಮಿದರೆ ನನಗೆ ಗುರುತು ಸಿಗುತ್ತದೆ. ಅವನ ಮೇಲಿನ ಸಿಟ್ಟು ಆರಿಲ್ಲ, ಭೈರೇಶ, ಆದರೂ ಕೆಮ್ಮು ಕೇಳಿದಾಗ ಅವನಿಗೆ ಬಿಸಿನೀರು ಕೊಟ್ಟರೋ ಇಲ್ಲವೋ ಎಂದು ನರ್ಸಮ್ಮನನ್ನು ಕೇಳುತ್ತೇನೆ. ಎತ್ತಿ ಆಡಿಸಿದ ಕೈಗೆ ನಾಚಿಕೆಯಿಲ್ಲ. ನಿನ್ನೆ ಮ್ಯಾಜಿಸ್ಟ್ರೇಟರು ಮಂಚದ ಹತ್ತಿರವೇ ಬಂದು ನನ್ನ ಹೇಳಿಕೆ ಬರೆದುಕೊಂಡರು. ಸಹಿಗೆ ಬಲಗೈ ಇಲ್ಲ, ಎಡಗೈಯ ಹೆಬ್ಬೆಟ್ಟು ಒತ್ತಿದೆ. ಟೀಚರಾಗಿ ಹೆಬ್ಬೆಟ್ಟು ಒತ್ತುವ ಕಾಲ ಬಂತು ನೋಡು.

ನನ್ನ ಅಂಗೈಯ ಚರ್ಮ ಪೂರ್ತಿ ಎದ್ದುಹೋಗಿದೆ, ತೊಡೆಯಿಂದ ತೆಗೆದು ಹಾಕಬೇಕಂತೆ. ಇನ್ನು ಸೀಮೆಸುಣ್ಣ ಹಿಡಿಯುವ ಕೆಲಸ ಇಲ್ಲವಲ್ಲ, ಬಿಡು. ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಹದಿನೈದು ವರ್ಷಕ್ಕೆ ಕ್ಷಮೆ ಎಂದರೆ ಅದೂ ಒಂದು ಒದ್ದೆ ಕೈಯ ಮಾತೇ. ನಿನ್ನನ್ನು ಬೇರೆ ಏನನ್ನೂ ಕೇಳುವ ಹಕ್ಕೂ ನನಗಿಲ್ಲ. ನೀನು ಒಣ ಕೈಯಲ್ಲಿ ಆಣೆ ಇಟ್ಟವನು, ಅದನ್ನು ಮುರಿ ಎಂದು ನನ್ನ ಬಾಯಲ್ಲಿ ಹೇಳಲಾರೆ. ನನ್ನ ಕೈಯಲ್ಲಿ ಆಗುವುದನ್ನು ಆ ಕೈ ಸುಟ್ಟುಕೊಂಡು ಮಾಡಿದ್ದೇನೆ. ಮುನೇಶ್ವರ ನಿನ್ನ ಬೆನ್ನಿಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಂಡಿಗೆ ಎಣ್ಣೆ ತಿಕ್ಕಿಕೋ, ಹಂಡೆ ಎತ್ತಬೇಡ. ಈ ಹುಡುಗಿ ನನ್ನನ್ನು ಒಂದು ಸಲವೂ ಬೈಯದೆ ಇಷ್ಟನ್ನೂ ಬರೆದಳು. ಬೈದಿದ್ದರೆ ವಾಸಿಯಿತ್ತು.

ಎಡಗೈಯಲ್ಲಿ ನಾನೇ ಗೀಚಿದ ಸಹಿ ಇದು,
ನಿನ್ನ ಅಕ್ಕ
ಮುನಿಲಕ್ಷ್ಮಿ

ಮರೆತ ಮಾತು: ಅಪ್ಪಾ, ಇದು ನಾನು, ಸಿಂಧು. ಅತ್ತೆಗೆ ಇಂಜೆಕ್ಷನ್ ಕೊಟ್ಟಿದ್ದಾರೆ, ಮಲಗಿದ್ದಾರೆ. ಮೇಘಶ್ರೀ ಮೇಡಂ ಕೆಳಗೆ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ನಾಳೆ ಸೇಲಂಗೆ ಹೋಗುವಾಗ ಈ ಪತ್ರವನ್ನು ಅವರೇ ಜೈಲಿನ ಆಫೀಸಿಗೆ ತಲುಪಿಸುತ್ತಾರೆ. ಅದಕ್ಕೇ ಅವಸರ. ಅತ್ತೆ ನಿಮಗೆ ಹೇಳದೆ ಬಿಟ್ಟದ್ದು ಇದು. ಅವರಿಗೆ ತಲೆ ಕೆಟ್ಟಿದೆ, ಅವರ ಮಾತನ್ನು ನಂಬಬಾರದು, ನಿಮ್ಮನ್ನು ಬಿಡಬಾರದು ಎಂದು ಯತಿರಾಜಣ್ಣ ಬರೆದುಕೊಟ್ಟಿದ್ದಾರೆ, ಅದಕ್ಕೊಂದು ಡಾಕ್ಟರ ಸರ್ಟಿಫಿಕೇಟೂ ಮಾಡಿಸಿದ್ದಾರೆ. ಗುರುವಾರ ನಿಮ್ಮ ಹೇಳಿಕೆ ತೆಗೆದುಕೊಳ್ಳಲು ಅಧಿಕಾರಿ ಬರುತ್ತಾರೆ. ನೀವು ಮೊದಲಿನ ಹಾಗೇ 'ನಾನೇ ಮಾಡಿದ್ದು' ಎಂದರೆ ಅತ್ತೆ ಹುಚ್ಚಿಯಾಗುತ್ತಾರೆ, ನಿಮ್ಮ ಹೆಸರು ನಾಲ್ಕನೆಯ ಸಲವೂ ಹೊಡೆದುಹೋಗುತ್ತದೆ. ನಿಮ್ಮ ಒಂದು ಮಾತಿನ ಮೇಲೆ ಎಲ್ಲಾ ನಿಂತಿದೆಯಂತೆ. ಭೈರೇಶ ಆಣೆ ಮುರಿಯುವವನಲ್ಲ ಎಂದು ಅತ್ತೆ ಅಳುತ್ತಾರೆ. ನೀವು ಜೀಪು ಹತ್ತುವಾಗ ಹೇಳಿದ್ದು ಅತ್ತೆಗೆ ಕೇಳಿಸಲಿಲ್ಲ, ನನಗೆ ಕೇಳಿಸಿತ್ತು. 'ಎಲ್ಡು ದೀಪಾವಳಿ ಕಳ್ಯೋದ್ರೊಳ್ಗೆ ಬತ್ತೀನಿ ಕಣವ್ವ, ನಿನ್ ತಲೆ ಮ್ಯಾಗಿನ ಆಣೆ' ಎಂದಿರಿ. ಹದಿನೈದು ದೀಪಾವಳಿ ಕಳೆದಿವೆ ಅಪ್ಪಾ. ದೊಡ್ಡಪ್ಪನಿಗೆ ಇಟ್ಟ ಆಣೆಯನ್ನು ಉಳಿಸಿಕೊಂಡು ನನ್ನದನ್ನು ಮುರಿದಿದ್ದೀರಿ. ಗುರುವಾರ ನನ್ನದನ್ನು ಉಳಿಸಿ. ನಾನು ಸೇಲಂಗೆ ಬಂದು ಗೇಟಿನ ಹೊರಗೆ ನಿಂತಿರುತ್ತೇನೆ. ನನ್ನ ತಲೆಯ ಮೇಲಿಟ್ಟ ಆ ಕೈ ಒಣಗಿತ್ತು, ನನಗೆ ನೆನಪಿದೆ.